ನಿರಂತರ ನಡೆಯಲೆಂದು ಮುಚ್ಚಿಸಿದ ಹಲ್ಲಿನ ಲ್ಯಾಬು

ಸಣ್ಣ ಉದ್ದಿಮೆಗಳ ವಿಪತ್ತು ಚೇತರಿಕೆ ಹಾಗೂ ವ್ಯವಹಾರ ನಿರಂತರತಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಮಗೆ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನಾನು ಕಾಲೇಜಿನ ಮೊದಲ ವರ್ಷದವಳು. ಚಿಕ್ಕಂದಿನಿಂದ ಹಾಸ್ಟೆಲಿನಲ್ಲೇ ಓದಿದ್ದರಿಂದ ನನ್ನ ಕನ್ನಡ ಹಾಸ್ಟೆಲಿನ ಹಾಲಿದ್ದಂತೆ, ಎಷ್ಟು ಹಾಲು ಎಷ್ಟು ನೀರು ಎಂದು ಕೇಳಬಾರದು. ವಾರ್ಡನ್‌ಗೆ ಬರೆದ ರಜಾ ಅರ್ಜಿಗಳೇ ಇದುವರೆಗಿನ ನನ್ನ ಸಮಗ್ರ ಸಾಹಿತ್ಯ. ಏನಾದರೂ ತಪ್ಪು ಬರೆದು ಮನೆಯವರಿಗೆ ಇನ್ನಷ್ಟು ತೊಂದರೆ ತಂದಿಟ್ಟರೆ ಎಂಬ ಭಯ ಈ ಸಾಲಿನಲ್ಲೂ ಇದೆ, ಮುಂದಿನ ಸಾಲಿನಲ್ಲೂ ಇರುತ್ತದೆ. ಆದರೂ ವಿಷಯ ಇಷ್ಟು: ನನ್ನ ಅಪ್ಪ ಮತ್ತು ಅತ್ತೆ ಸೇರಿ ನಡೆಸುವ ಹಲ್ಲಿನ ಲ್ಯಾಬನ್ನು ತಮ್ಮ ಕಚೇರಿ ಮುಚ್ಚಿಸಿದೆ. ಯಾಕೆಂದರೆ, ಆ ಲ್ಯಾಬು ಯಾವ ಕಾಲಕ್ಕೂ ಮುಚ್ಚದಂತೆ ನೋಡಿಕೊಳ್ಳುವ ಯೋಜನೆ ಅದರ ಬಳಿ ಸರಿಯಾಗಿಲ್ಲವಂತೆ.

ಬಾಗಿಲಿಗೆ ಅಂಟಿಸಿದ ನೋಟಿಸನ್ನು ನಾನು ಎರಡೆರಡು ಸಲ ಓದಿದೆ. "ವ್ಯವಹಾರದ ನಿರಂತರತೆಯನ್ನು ಖಾತರಿಪಡಿಸುವ ಸಲುವಾಗಿ ಈ ಕೂಡಲೇ ವ್ಯವಹಾರವನ್ನು ನಿಲ್ಲಿಸತಕ್ಕದ್ದು" ಎಂದಿದೆ. ಮಗು ಬಿದ್ದು ಗಾಯ ಮಾಡಿಕೊಳ್ಳದಿರಲೆಂದು ಕಾಲು ಕಟ್ಟಿ ಕೂರಿಸಿದ ತಾಯಿಯ ಪ್ರೀತಿ ಇದು ಎಂದು ನನಗೆ ಅರ್ಥವಾಗುತ್ತದೆ. ಆದರೆ ಮಗುವಿಗೆ ಅರ್ಥವಾಗಬೇಕಲ್ಲ.

ಹಲ್ಲಿನ ಲ್ಯಾಬು ಎಂದರೆ ಹಲ್ಲಿನ ಡಾಕ್ಟರ ಕ್ಲಿನಿಕ್ ಅಲ್ಲ. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಹಲ್ಲು ಕಟ್ಟುವುದು ನಾವು. ನಮ್ಮದು ಒಂದೇ ಕಿಟಕಿಯ ಉದ್ದನೆ ಕೋಣೆ. ಅಪ್ಪ ಅಳತೆಯೊಳಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಾರೆ, ಅತ್ತೆ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಾರೆ, ಕೊನೆಗೆ ಗುಲಾಬಿ ಒಸಡಿನ ಸಮೇತ ಒಂದು ನಗು ತಯಾರಾಗಿ ಡಬ್ಬಿಯಲ್ಲಿ ಕೂತು ಹೋಗುತ್ತದೆ. ಪ್ಲಾಸ್ಟರ್ ಪುಡಿ ಎಲ್ಲದರ ಮೇಲೂ ಇರುತ್ತದೆ. ಅಪ್ಪನಿಗೆ ಹುಟ್ಟಿದಾಗಿನಿಂದ ಬಿಳಿ ಹುಬ್ಬು ಎಂದೇ ನಾನು ಚಿಕ್ಕವಳಿದ್ದಾಗ ನಂಬಿದ್ದೆ. ಒಂದು ದಿನ ಸ್ನಾನ ಮಾಡಿ ಬಂದವರನ್ನು ಕಂಡು ಯಾರೋ ನೆಂಟರು ಎಂದುಕೊಂಡು ಅತ್ತೆಯ ಹಿಂದೆ ಅಡಗಿಕೊಂಡಿದ್ದೆನಂತೆ.

ಈ ಕೋಣೆಯಲ್ಲಿ ತಾತನ ಕಾಲದಿಂದ ಎರಡು ಪದ್ಧತಿಗಳಿವೆ. ಮೊದಲನೆಯದು, ಪ್ರತಿಯೊಂದು ಬಾಯಿಗೂ ಎರಡು ಅಚ್ಚು. ಒಂದು ಕೆಲಸದಲ್ಲೇ ಒಡೆದು ಹೋಗುತ್ತದೆ, ಇನ್ನೊಂದು ಅಟ್ಟ ಹತ್ತುತ್ತದೆ. ಕಟ್ಟಿದ ಹಲ್ಲು ನೆಲಕ್ಕೆ ಬಿದ್ದು ಒಡೆದರೆ, ಬಸ್ಸಿನಲ್ಲಿ ಮರೆತರೆ, ಮೊಮ್ಮಗು ಆಟವಾಡುತ್ತಾ ಬಚ್ಚಲಿಗೆ ಬಿಟ್ಟರೆ, ಅಟ್ಟದ ಅಚ್ಚು ಇಳಿಸಿ ಹೊಸ ಸೆಟ್ಟು ಮಾಡಿಕೊಡುವುದು. ತಮ್ಮ ಕೈಪಿಡಿಯಲ್ಲಿ ಇದನ್ನು ಬ್ಯಾಕಪ್ ಎಂದು ಕರೆದು ಒಂದು ಪೂರ್ತಿ ಅಧ್ಯಾಯ ಬರೆದಿದ್ದೀರಿ. ಅಪ್ಪ ಅದನ್ನು "ಮೇಲಿಂದು" ಎನ್ನುತ್ತಾರೆ. ಅಧ್ಯಾಯವೇನೂ ಬರೆದಿಲ್ಲ.

ಎರಡನೆಯದು, ಯಾವ ಅಚ್ಚಿನ ಮೇಲೂ ಹೆಸರಿರುವುದಿಲ್ಲ. ಅಡ್ಡಹೆಸರು ಮಾತ್ರ. "ಸೀಟಿ", "ಕೋಪದಜ್ಜಿ", "ಮದುವೆ ಫೋಟೋ". ಕಟ್ಟಿಸಿದ ಹಲ್ಲೆಂದು ಹೆಂಡತಿಗೂ ಹೇಳದ ಗಂಡಸರಿದ್ದಾರೆ. ಗಂಡನಿಗೆ ಹೇಳದ ಹೆಂಗಸರು ಇನ್ನೂ ಹೆಚ್ಚು ಎಂದು ಅತ್ತೆ ಹೇಳುತ್ತಾರೆ. ಒಂದೇ ಮನೆಯ ಗಂಡಹೆಂಡತಿ ಒಬ್ಬರಿಗೊಬ್ಬರು ತಿಳಿಯದಂತೆ ಹಲ್ಲು ಕಟ್ಟಿಸಿಕೊಂಡು, ಪರಸ್ಪರರ ಹಲ್ಲನ್ನು ಹೊಗಳಿಕೊಂಡು ಬದುಕಿರುವುದೂ ಉಂಟಂತೆ. ಯಾರು ಎಂದು ಕೇಳಿದರೆ ಅತ್ತೆ, "ನಿಂಗ್ಯಾಕೆ, ನೀನು ಓದ್ಕೋ" ಎನ್ನುತ್ತಾರೆ. ಊರಿನ ಅರ್ಧ ನಗುವಿನ ಗುಟ್ಟು ನಮ್ಮ ಅಟ್ಟದಲ್ಲಿತ್ತು. ಅದು ಕೆಳಗಿಳಿದದ್ದೇ ಇಲ್ಲ. ತಮ್ಮ ಕಚೇರಿ ಬಂದು ಇಳಿಸುವ ತನಕ.

ಹೋದ ವರ್ಷ ಪ್ರತಿ ಅಂಗಡಿಗೂ ನಿರಂತರತಾ ಯೋಜನೆ ಇರಬೇಕೆಂದು ತಾವು ಆಜ್ಞೆ ಹೊರಡಿಸಿದಿರಿ. ಪರಿಶೀಲನೆಗೆ ತಮ್ಮ ಇನ್‌ಸ್ಪೆಕ್ಟರು ಬಂದರು. ಅವರು ಸ್ಕೂಟರಿನಿಂದಿಳಿದ ಮೇಲೂ ಹೆಲ್ಮೆಟ್ ತೆಗೆಯುವುದಿಲ್ಲವಾದ್ದರಿಂದ ನಮ್ಮ ಬೀದಿಯಲ್ಲಿ ಅವರಿಗೆ ಹೆಲ್ಮೆಟ್ ಸಾಹೇಬರು ಎಂದೇ ಹೆಸರು. ರಜೆಯಲ್ಲಿದ್ದ ನಾನು ಅಲ್ಲೇ ಕೂತಿದ್ದೆ. ಅವರು ತಲೆಯೆತ್ತಿ ಅಟ್ಟ ನೋಡಿದರು.

"ಏನಿದು ಮೇಲೆ ಇಷ್ಟೊಂದು?"

"ಅಚ್ಚು ಸಾರ್. ಪ್ಲಾಸ್ಟರ್ ಅಚ್ಚು," ಎಂದರು ಅಪ್ಪ.

"ತಲೆ ಮೇಲೆ ಬಿದ್ರೆ?"

"ನಮ್ಮಪ್ಪನ ಕಾಲದಿಂದ ಬಿದ್ದಿಲ್ಲ ಸಾರ್."

"ಬಿದ್ದಿಲ್ಲ ಅಂದ್ರೆ ಬೀಳೋದು ಬಾಕಿ ಇದೆ ಅಂತ ಅರ್ಥ. ಭೂಕಂಪ ಆದ್ರೆ ಏನ್ಮಾಡ್ತೀರಿ? ಭಾರದ್ದೆಲ್ಲ ಕೆಳಗಿನ ಹಂತದಲ್ಲಿರ್ಬೇಕು. ಕೈಪಿಡೀಲಿದೆ, ನೋಡ್ಕೊಳ್ಳಿ."

ಅತ್ತೆ ಮೇಣದಿಂದ ತಲೆಯೆತ್ತದೆ ಕೇಳಿದರು: "ನಮ್ಮ ಬೀದಿ ತಗ್ಗು ಸಾರ್. ನೀರು ಬಂದ್ರೆ?"

ಹೆಲ್ಮೆಟ್ ಸಾಹೇಬರು ಕೈಪಿಡಿಯನ್ನು ಹಿಂದೆ ಮುಂದೆ ತಿರುವಿ ನೋಡಿ, "ನೀರು ಇದ್ರಲ್ಲಿಲ್ಲಮ್ಮ. ಪ್ರವಾಹ ಮುಂದಿನ ಆವೃತ್ತೀಲಿ ಬರುತ್ತೆ," ಎಂದರು.

ಮಾನ್ಯರೇ, ಪ್ರವಾಹ ಆವೃತ್ತಿಗಾಗಿ ಕಾಯಲಿಲ್ಲ. ತಾತನ ಕಾಲದಿಂದ ಅಟ್ಟದಲ್ಲಿದ್ದ ಅಚ್ಚುಗಳನ್ನು ಅಪ್ಪ ಮತ್ತು ಅತ್ತೆ ಒಂದೊಂದಾಗಿ ಇಳಿಸಿ, ನೆಲಕ್ಕೆ ಅಂಟಿದ ಕಪಾಟಿನಲ್ಲಿ ಸಾಲಾಗಿ ಜೋಡಿಸಿದರು. ತಮ್ಮ ಕಚೇರಿಯಿಂದ "ಅಪಾಯಮುಕ್ತ" ಎಂಬ ಹಸಿರು ಸ್ಟಿಕರ್ ಬಂತು, ಅದನ್ನು ಬಾಗಿಲಿಗೆ ಅಂಟಿಸಿದರು. ಈ ಮಳೆಗಾಲದಲ್ಲಿ ದೊಡ್ಡ ಚರಂಡಿ ಉಕ್ಕಿ, ಹಗಲು ಹೊತ್ತಿನಲ್ಲೇ, ಎಲ್ಲರೂ ನೋಡುನೋಡುತ್ತಿದ್ದಂತೆ, ಅಚ್ಚುಗಳನ್ನು ಎತ್ತಲೂ ಬಿಡದೆ ನೀರು ಒಳಗೆ ಬಂತು. ಮೊಣಕಾಲಿಗಿಂತ ಮೇಲೆ ಹೋಗಲಿಲ್ಲ. ಅಟ್ಟಕ್ಕೆ ಅದರ ಗಾಳಿಯೂ ತಾಗಲಿಲ್ಲ. ಖಾಲಿ ಅಟ್ಟ ಪೂರ್ತಿ ಸುರಕ್ಷಿತವಾಗಿತ್ತು. ಹಸಿರು ಸ್ಟಿಕರಿಗೂ ಏನೂ ಆಗಲಿಲ್ಲ. ಅದನ್ನು ತಾವು ಒಳ್ಳೆಯ ಗುಣಮಟ್ಟದ್ದೇ ಮಾಡಿಸಿದ್ದೀರಿ.

ನೀರಿಳಿಯಲು ಕೆಲವು ದಿನ ಹಿಡಿಯಿತು. ನಾನು ಹಾಸ್ಟೆಲಿನಿಂದ ಬಂದಾಗ ಅಚ್ಚುಗಳು ಬಚ್ಚಲಲ್ಲಿ ಸವೆದ ಸೋಪಿನ ತುಂಡುಗಳ ಹಾಗಿದ್ದವು. ಹಲ್ಲಿನ ಗುರುತು, ಒಸಡಿನ ಗೆರೆ, ಪೆನ್ಸಿಲಿನಲ್ಲಿ ಬರೆದ ಅಡ್ಡಹೆಸರು, ಎಲ್ಲ ಅಳಿಸಿಹೋಗಿತ್ತು. ಅತ್ತೆ ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಇದು ಯಾರೇ? ಕೋಪದಜ್ಜಿನಾ, ಇಲ್ಲಾ ಸೀಟಿನಾ?" ಎಂದು ನನ್ನನ್ನೇ ಕೇಳಿದರು. ನಾನೇನು ಹೇಳಲಿ? ಬೆಂಕಿ ಬಿದ್ದಾಗ ಬಾವಿ ತೋಡುವವರ ಬಗ್ಗೆ ಗಾದೆಯಿದೆ. ಬಾವಿಯನ್ನು ಮುಂಚೆಯೇ ತೋಡಿ, ಮನೆಯ ಸಾಮಾನನ್ನು ಅದರೊಳಗೆ ಜೋಡಿಸಿಟ್ಟು, ಮೇಲೊಂದು ಸ್ಟಿಕರ್ ಹಚ್ಚುವವರ ಬಗ್ಗೆ ನಮ್ಮ ಹಿರಿಯರು ಯಾಕೆ ಗಾದೆ ಮಾಡಲಿಲ್ಲವೋ ಗೊತ್ತಿಲ್ಲ. ಅವರ ಕಾಲದಲ್ಲಿ ಇಂಥ ಕಚೇರಿ ಇರಲಿಲ್ಲವೆಂದು ಕಾಣುತ್ತದೆ. ಅದೇ ವಾರ ತಮ್ಮ ಕಚೇರಿ ಮೈದಾನದಲ್ಲಿ ನಡೆಸಬೇಕಿದ್ದ ಅಣಕು ವಿಪತ್ತು ಕಾರ್ಯಾಚರಣೆಯನ್ನು ಮೈದಾನದಲ್ಲಿ ನೀರು ನಿಂತಿದ್ದ ಕಾರಣ ಮುಂದೂಡಲಾಯಿತು ಎಂದು ಪತ್ರಿಕೆಯಲ್ಲಿ ಓದಿದೆ. ಅಸಲಿ ಬಂದಾಗ ಅಣಕಿಗೆ ಏನು ಕೆಲಸ ಎಂದು ತಾವು ಯೋಚಿಸಿರಬಹುದು. ಸರಿಯಾದ ಯೋಚನೆಯೇ.

ಇಷ್ಟಾದರೂ ಲ್ಯಾಬು ನಿಂತಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ಎದುರಿಗಿರುವ ಬೇಕರಿಯವರು ಅಂಗಡಿ ಪಕ್ಕದ ಬೇರೆಯೇ ಮೆಟ್ಟಿಲು ಹತ್ತಿ ಹೋಗುವ ಮಹಡಿ ಕೋಣೆಯನ್ನು ಖಾಲಿ ಮಾಡಿಕೊಟ್ಟರು. ಅಪ್ಪ ಸಂಕೋಚಪಟ್ಟಾಗ ಅವರು ಹೇಳಿದ್ದು: "ಅಣ್ಣ, ಇದು ಉಪಕಾರ ಅಲ್ಲ, ವ್ಯಾಪಾರ. ನೀವು ಹಲ್ಲು ಕಟ್ಟದಿದ್ರೆ ನನ್ನ ರಸ್ಕ್ ಕಡಿಯೋರು ಯಾರು? ಕಡಲೆ ಇದ್ದೋರಿಗೆ ಹಲ್ಲಿಲ್ಲ ಅಂತಾರಲ್ಲ, ಹಂಗಾಗುತ್ತೆ ನನ್ನ ಪಾಡು." ಅತ್ತೆ ಕೂಡಲೇ, "ನಿಮ್ಮ ರಸ್ಕ್ ಕಡಿದೇ ನಮ್ಮ ಅರ್ಧ ಸೆಟ್ಟು ಒಡೆಯೋದು. ನಿಮ್ಮಿಂದ ನಮಗೂ ವ್ಯಾಪಾರನೇ," ಎಂದರು. ಅವತ್ತೇ ಮೇಜು ಮಹಡಿಗೆ ಹೋಯಿತು. ಗೋಡೆಗೆ ನೇತುಹಾಕಿದ್ದರಿಂದ ಉಳಿದುಕೊಂಡ ಪಾಲಿಶ್ ಮೋಟರು ಹೋಯಿತು. ನಮಗೆ ಹೆಚ್ಚಿನ ಕೆಲಸ ಕೊಡುವ ಮೂಲೆ ಕ್ಲಿನಿಕ್ಕಿನ ಡಾಕ್ಟರಮ್ಮ ಅಳತೆಗಳನ್ನು ಅಲ್ಲಿಗೇ ಕಳಿಸತೊಡಗಿದರು. ವಿಪತ್ತು ಬಂತು, ಚೇತರಿಕೆ ಆಯಿತು, ವ್ಯವಹಾರ ನಿರಂತರವಾಯಿತು. ತಮ್ಮ ಕಚೇರಿಯ ಹೆಸರಿನಲ್ಲಿರುವ ಎಲ್ಲವೂ ನಡೆದುಹೋಯಿತು, ತಮ್ಮ ಕಚೇರಿಯೊಂದನ್ನು ಬಿಟ್ಟು.

ಆ ಕೊರತೆಯನ್ನು ತುಂಬಲು ಹೆಲ್ಮೆಟ್ ಸಾಹೇಬರು ಮತ್ತೆ ಬಂದರು. ಅಪ್ಪ ಬರೆದುಕೊಟ್ಟಿದ್ದ ನಮ್ಮ ಯೋಜನೆಯಲ್ಲಿ ಎರಡು ದೋಷ ಎಂದರು. ಪರ್ಯಾಯ ಸ್ಥಳ ಬೇರೆ ಅಪಾಯ ವಲಯದಲ್ಲಿರಬೇಕು, ಎದುರಂಗಡಿ ಆಗುವುದಿಲ್ಲ. ಇದರಲ್ಲಿ ಅರ್ಥವಿಲ್ಲವೆಂದು ನಾನು ಹೇಳುವುದಿಲ್ಲ. ವ್ಯವಹಾರ ನಿರ್ವಹಣೆ ಓದುವ ನಮಗೂ ಕಾಲೇಜಿನಲ್ಲಿ ಈ ಪಾಠವಿದೆ, ಎದುರುಬದುರು ಅಂಗಡಿಗಳು ಒಟ್ಟಿಗೇ ಮುಳುಗುತ್ತವೆ ಎಂದು ಪರೀಕ್ಷೆಯಲ್ಲಿ ನಾನೂ ಬರೆದಿದ್ದೇನೆ. ಆದರೆ ಬೇಕರಿಯ ಮಹಡಿ ಮುಳುಗಿರಲಿಲ್ಲವಲ್ಲ. ನೀರು ಅಡ್ಡಡ್ಡ ಮಾತ್ರ ಅಲ್ಲ, ಮೇಲಕ್ಕೂ ಅಳೆಯಬಹುದಾದ ವಸ್ತು ಎಂದು ಕೈಪಿಡಿ ಬರೆದವರಿಗೆ ಯಾರಾದರೂ ಹೇಳಬೇಕಿತ್ತು. ಎರಡನೆಯ ದೋಷ, "ಪ್ರಮುಖ ಗ್ರಾಹಕರ ಹೆಸರು ಮತ್ತು ವಿಳಾಸ" ಎಂಬ ಜಾಗವನ್ನು ಅಪ್ಪ ಖಾಲಿ ಬಿಟ್ಟಿದ್ದರು.

"ಇದು ತುಂಬಿಸ್ಲೇಬೇಕು," ಎಂದರು ಸಾಹೇಬರು.

"ಡಾಕ್ಟರ ಹೆಸರು ಬರೀತೀನಿ ಸಾರ್. ಹಲ್ಲು ಹಾಕ್ಕೊಂಡೋರ ಹೆಸರು ಬರೆಯೋಕಾಗಲ್ಲ."

"ಯಾಕಾಗಲ್ಲ? ಆಪತ್ತಿನಲ್ಲಿ ಅವರನ್ನ ಸಂಪರ್ಕಿಸೋದು ಬೇಡ್ವಾ?"

"ಆಪತ್ತಿನಲ್ಲಿ ಅವರೇ ನಮ್ಮನ್ನ ಸಂಪರ್ಕಿಸ್ತಾರೆ ಸಾರ್. ಕರ್ಚೀಫ್ ಅಡ್ಡ ಹಿಡ್ಕೊಂಡು."

ಅವತ್ತು ನಮ್ಮ ಲ್ಯಾಬಿಗೂ ಬೇಕರಿಯ ಮಹಡಿ ಕೋಣೆಗೂ ಸೀಲು ಬಿತ್ತು. ಅದಕ್ಕೆ ಸ್ವಲ್ಪ ಮುಂಚೆ ನಡೆದ ಒಂದು ಸಣ್ಣ ಸಂಗತಿಯನ್ನು ಹೇಳಬೇಕು. ಬೆಳಿಗ್ಗೆ ಡಾಕ್ಟರಮ್ಮ ತಾವೇ ಮೆಟ್ಟಿಲು ಹತ್ತಿ ಬಂದು ಒಂದು ಡಬ್ಬಿ ಕೊಟ್ಟಿದ್ದರು. ಮೇಲ್ಸಾಲಿನ ಸೆಟ್ಟು, ನಟ್ಟನಡುವೆ ಎರಡು ಹೋಳಾಗಿತ್ತು. "ಇದೊಂದು ಬೇಗ ಮಾಡ್ಕೊಡಿ. ಪಾಪ, ಅವರು ಮನೆಯಿಂದ ಹೊರಗೇ ಬರ್ತಿಲ್ಲ. ಇವತ್ತು ಸಂಜೆಗೆ ಆಗುತ್ತೆ ಅಂತ ಮಾತು ಕೊಟ್ಟಿದ್ದೀನಿ," ಎಂದರು. ಅಪ್ಪ ಕೂಡಿಸಿ, ಗಟ್ಟಿಯಾಗಲೆಂದು ತಟ್ಟೆಯಲ್ಲಿಟ್ಟಿದ್ದರು. ಪಾಲಿಶ್ ಮಾತ್ರ ಬಾಕಿ. ಆಗ ಹೆಲ್ಮೆಟ್ ಸಾಹೇಬರು ಸೀಲಿನವರ ಸಮೇತ ಬಂದರು.

"ಸಾರ್, ಆ ತಟ್ಟೆ ಒಂದು ತಗೊಂಡ್ಬಿಡ್ತೀನಿ," ಎಂದು ಅಪ್ಪ ಬೇಡಿಕೊಂಡರು.

"ಯಾರದ್ದದು?"

"ಹೇಳೋಕಾಗಲ್ಲ ಸಾರ್."

"ಹೇಳದಿದ್ರೆ ಬಿಡೋಕಾಗಲ್ಲ. ಮಾಲೀಕರಿಲ್ಲದ ವಸ್ತು ಅಂತ ಬರ್ಕೋತೀನಿ."

ಅಪ್ಪ ಅವರ ಮುಖವನ್ನೇ ನೋಡಿದರು. ಆಮೇಲೆ ತಟ್ಟೆಯನ್ನು ಕಿಟಕಿಯ ಪಕ್ಕಕ್ಕೆ ಸರಿಸಿಟ್ಟು ಹೊರಗೆ ಬಂದರು. ಹೆಲ್ಮೆಟ್ ಸಾಹೇಬರು ಸ್ವಂತ ಕೈಯಿಂದ ಅರಗು ಹಾಕಿದರು. ಬಹಳ ಅಚ್ಚುಕಟ್ಟಾಗಿ ಹಾಕಿದರು, ಆ ಬಗ್ಗೆ ದೂರಿಲ್ಲ.

ಆಮೇಲೆ ನಾವು ಯೋಜನೆಯನ್ನು ತಿದ್ದಿದೆವು. ನನ್ನ ಲೆಕ್ಚರರ್ ಸಹಾಯ ಮಾಡಿದರು. ಪಕ್ಕದ ಊರಿನ ಲ್ಯಾಬಿನವರು, ಅಪ್ಪನ ಹಳೆಯ ಪ್ರತಿಸ್ಪರ್ಧಿ, ಆಪತ್ಕಾಲದಲ್ಲಿ ತಮ್ಮ ಒಂದು ಮೇಜು ಬಿಟ್ಟುಕೊಡುವುದಾಗಿ ಬರೆದುಕೊಟ್ಟರು. "ನಿಮ್ಮಪ್ಪ ಇಲ್ದಿದ್ರೆ ನಾನು ಯಾರನ್ನ ಬೈಕೊಂಡು ಕೆಲಸ ಮಾಡ್ಲಿ" ಎಂದರು. ಭಾರದ್ದು ಎಲ್ಲಿರಬೇಕು ಎಂಬಲ್ಲಿ "ನೀರಿಗಿಂತ ಮೇಲೆ, ತಲೆಗಿಂತ ಕೆಳಗೆ" ಎಂದು ಅತ್ತೆ ಬರೆಸಿದರು. ಹೆಲ್ಮೆಟ್ ಸಾಹೇಬರೇ ಓದಿ, ಎಲ್ಲ ಸರಿಯಿದೆ ಎಂದರು. ಗ್ರಾಹಕರ ಹೆಸರಿನ ವಿನಾಯಿತಿಯೊಂದು ಉಳಿಯಿತು, ಅದಕ್ಕೆ ಮುಖ್ಯಾಧಿಕಾರಿಗಳ ಸಹಿಯೇ ಬೇಕು. ಅಂದರೆ ತಮ್ಮದು.

ತಮ್ಮ ಕಚೇರಿಗೆ ನಾನೇ ಹೋದೆ. ಗೋಡೆಯ ಮೇಲೆ ತಮ್ಮ ದೊಡ್ಡ ಫೋಟೋ, ತುಂಬು ನಗು. ಅದರ ಕೆಳಗೆ ಕೂತಿದ್ದ ಗುಮಾಸ್ತರು, ಸಾಹೇಬರು ರಜೆಯಲ್ಲಿದ್ದಾರೆ ಎಂದರು.

"ಯಾವಾಗ ಬರ್ತಾರೆ ಸಾರ್?"

"ವೈಯಕ್ತಿಕ ಕಾರಣ. ಗೊತ್ತಿಲ್ಲ."

"ಅವರ ಬದಲು ಸಹಿ ಮಾಡೋರು ಯಾರು? ಪ್ರತಿ ಮುಖ್ಯ ವ್ಯಕ್ತಿಗೂ ಒಬ್ಬ ಪರ್ಯಾಯ ವ್ಯಕ್ತಿ ಇರ್ಬೇಕು ಅಂತ ನಿಮ್ಮ ಕೈಪಿಡೀಲೇ ಇದೆಯಲ್ಲ."

"ಅದು ಅಂಗಡಿಯೋರಿಗಮ್ಮ. ನಮ್ಮ ಸಾಹೇಬರಿಗೆ ಪರ್ಯಾಯ ಎಲ್ಲಿಂದ ತರೋಣ? ಅವರಿಗೆ ಅವರೇ ಸಾಟಿ."

"ಫೋನಲ್ಲಾದ್ರೂ ಒಂದು ಮಾತು ಕೇಳಬಹುದಾ?"

"ಸಾಹೇಬರು ಈಗ ಯಾರ ಹತ್ರಾನೂ ಮಾತಾಡ್ತಿಲ್ಲಮ್ಮ."

ಮನೆಗೆ ಬಂದು ಇದನ್ನು ಇದ್ದದ್ದಿದ್ದಂತೆ ಹೇಳಿದೆ. ಅವಸರವೂ ಇತ್ತು. ಯಾಕೆಂದರೆ ಅದೇ ದಿನ ಡಾಕ್ಟರಮ್ಮ, "ತಿಂಗಳ ಕೊನೆವರೆಗೆ ಕಾಯ್ತೀನಿ. ಆಮೇಲೆ ನನ್ನ ಪೇಷಂಟ್‌ಗಳನ್ನ ಬಾಯಿ ಖಾಲಿ ಇಟ್ಕೊಂಡು ಕೂರಿಸೋಕಾಗಲ್ಲ, ದೊಡ್ಡ ಊರಿನ ಫ್ಯಾಕ್ಟರಿ ಲ್ಯಾಬಿಗೆ ಕಳಿಸ್ಬೇಕಾಗುತ್ತೆ," ಎಂದು ಹೇಳಿ ಕಳಿಸಿದ್ದರು. ಒಮ್ಮೆ ಅಲ್ಲಿಗೆ ಹೋದ ಕೆಲಸ ತಿರುಗಿ ನಮ್ಮ ಬೀದಿಗೆ ಬರುವುದಿಲ್ಲ. ಲ್ಯಾಬು ತೆರೆಯುತ್ತದೋ ಇಲ್ಲವೋ ಎಂಬುದು ಈಗ ತಮ್ಮ ಒಂದು ಸಹಿಯ ಮಾತು. ಇದನ್ನೆಲ್ಲ ಹೇಳಿ ನಾನು ಅಳುವ ಹೊತ್ತಿಗೆ, ನೀರು ನುಗ್ಗಿದ ದಿನದಿಂದ ಒಮ್ಮೆಯೂ ನಗದ ಅಪ್ಪ ನಗತೊಡಗಿದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದರು. ಒಳಗಿನಿಂದ ಪಾತ್ರೆ ಬಿದ್ದ ಸದ್ದು.

"ಯಾಕಪ್ಪ? ಏನಾಯ್ತು?"

"ಏನಿಲ್ಲ, ಸುಮ್ನಿರು."

"ಆ ಮೇಲ್ಸಾಲಿನ ಸೆಟ್ಟು ಯಾರದ್ದು ಹೇಳಿ."

ಅಪ್ಪನ ನಗು ನಿಂತಿತು. "ನೋಡು ಮಗಳೇ, ಲ್ಯಾಬು ಹೋದ್ರೆ ಇನ್ನೊಂದು ಕೆಲಸ ಹುಡ್ಕೋಬಹುದು. ಯಾರ ಹಲ್ಲು ಅಂತ ನಮ್ಮ ಬಾಯಿಂದ ಬಂದ್ರೆ, ಆಮೇಲೆ ಯಾವ ಕೆಲಸ ಮಾಡಿದ್ರೂ ನಾನು ನಿಮ್ಮ ತಾತನ ಮಗ ಅಲ್ಲ."

ಆದ್ದರಿಂದ ಮಾನ್ಯರೇ, ಅದು ಯಾರದ್ದೆಂದು ನನಗೆ ಗೊತ್ತಿಲ್ಲ. ಈ ಪತ್ರದ ಮೊದಲ ಪ್ರತಿಯಲ್ಲಿ ಆ ತಟ್ಟೆಯ ಮೇಲೆ ಬರೆದಿದ್ದ ಅಡ್ಡಹೆಸರನ್ನು ಹಾಕಿದ್ದೆ. ಅಪ್ಪ ಅದನ್ನು ಹೊಡೆದುಹಾಕಿದರು. ಉಳಿದದ್ದನ್ನು ಓದಿ, "ಸಾಹೇಬರ ಬಗ್ಗೆ ಇಷ್ಟು ಕಟುವಾಗಿ ಬೇಡ, ಪಾಪ, ಅವರಿಗೇನು ಕಷ್ಟ ಇದೆಯೋ," ಎಂದರು. ನನಗೆ ತಿಳಿದಿರುವುದು ಇಷ್ಟೇ: ಸೀಲು ಹಾಕಿದ ಆ ಕೋಣೆಯಲ್ಲಿ, ಕಿಟಕಿಯ ಪಕ್ಕದ ತಟ್ಟೆಯಲ್ಲಿ, ಯಾರೋ ಒಬ್ಬ ಗೌರವಸ್ಥರ ಹಲ್ಲು ಪಾಲಿಶ್‌ಗಾಗಿ ಕಾಯುತ್ತಿದೆ. ಅದಿಲ್ಲದೆ ಅವರು ಮನೆಯಿಂದ ಹೊರಡಲಾರರು. ಅವರಂಥವರು ಮನೆಯಿಂದ ಹೊರಡದಿದ್ದರೆ ಊರಿನಲ್ಲಿ ಎಷ್ಟೋ ಕಡತಗಳು ಸಹಿಯಿಲ್ಲದೆ ಬಿದ್ದಿರುತ್ತವೆ. ಸಹಿಯಿಲ್ಲದೆ ಸೀಲು ಒಡೆಯುವಂತಿಲ್ಲ, ಸೀಲು ಒಡೆಯದೆ ಹಲ್ಲು ಹೊರಗೆ ಬರುವಂತಿಲ್ಲ. ತಮ್ಮ ಕೈಪಿಡಿಯಲ್ಲಿ ಈ ಬಗೆಯ ವಿಪತ್ತಿಗೆ ಅಧ್ಯಾಯವಿಲ್ಲ. ಮುಂದಿನ ಆವೃತ್ತಿಯಲ್ಲಿ ಪ್ರವಾಹದ ಪಕ್ಕದಲ್ಲೇ ಸೇರಿಸಬಹುದು.

ನಮ್ಮ ಬೇಡಿಕೆ ದೊಡ್ಡದಲ್ಲ. ಹೋದ ಅಚ್ಚುಗಳಿಗೆ ಪರಿಹಾರ ಕೇಳುತ್ತಿಲ್ಲ. ಅಪ್ಪ ಮತ್ತೆ ಒಂದೊಂದೇ ಬಾಯಿಯ ಅಳತೆ ತರಿಸಿಕೊಳ್ಳುತ್ತಾರೆ. ಹೆಲ್ಮೆಟ್ ಸಾಹೇಬರ ಮೇಲೆ ಕ್ರಮವೂ ಬೇಡ; ಅವರು ಕೈಪಿಡಿಯಲ್ಲಿದ್ದದ್ದನ್ನು ಮಾಡಿದರು, ಅದೇ ಅವರ ದುರದೃಷ್ಟ. ಸಣ್ಣ ಅಂಗಡಿಗೆ ಬೇಕಾದ ಯೋಜನೆ ಒಂದು ಪುಟದಲ್ಲಿ ಮುಗಿಯುತ್ತದೆ: ಯಾವುದು ಕೆಟ್ಟರೆ ಕೆಲಸ ನಿಲ್ಲುತ್ತದೆ, ಅದರ ಜೋಡಿ ಎಲ್ಲಿದೆ, ಆವತ್ತು ಯಾರ ಮನೆಯ ಮೆಟ್ಟಿಲು ಹತ್ತಬೇಕು. ಅದನ್ನು ಆ ಅಂಗಡಿಯಲ್ಲಿ ಕೂತವರನ್ನೇ ಕೇಳಿ ಬರೆಸಿ. ಅದಕ್ಕೂ ಮೊದಲು ತಮ್ಮ ಕಚೇರಿಗೇ ಅಂಥದ್ದೊಂದು ಪುಟ ಬರೆಸಿ, ಅದರಲ್ಲಿ ತಮ್ಮ ಬದಲು ಸಹಿ ಹಾಕುವವರೊಬ್ಬರನ್ನು ನೇಮಿಸಿ. ಅದಾಗದಿದ್ದರೆ ತಾವೇ ನಮ್ಮ ವಿನಾಯಿತಿಗೆ ಸಹಿ ಮಾಡಿ, ತಿಂಗಳು ಮುಗಿಯುವುದರೊಳಗೆ ಸೀಲು ಒಡೆಸಿ. ಸೀಲು ಒಡೆದ ದಿನ ಅಪ್ಪ ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಳ್ಳುವುದು ಆ ತಟ್ಟೆಯನ್ನೇ. ಅದನ್ನು ಯಾರಿಗೂ ಕಾಣದಂತೆ, ಯಾವ ಹೆಸರೂ ಇಲ್ಲದ ಡಬ್ಬಿಯಲ್ಲಿ, ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ಮುಟ್ಟಿಸುತ್ತಾರೆ. ಈ ಮಾತನ್ನು ಮಾತ್ರ ಪತ್ರದಲ್ಲಿ ಸೇರಿಸಲು ಅಪ್ಪನೇ ಹೇಳಿದರು.

ಇಷ್ಟು ಬರೆದದ್ದಕ್ಕೆ ಮತ್ತೊಮ್ಮೆ ಕ್ಷಮೆ ಇರಲಿ. ದಯವಿಟ್ಟು ಬೇಗ ಉತ್ತರ ಕೊಡಿ. ಒಂದು ಸಾಲು ಬರೆದು ಕಳಿಸಿದರೆ ಸಾಕು, ತಾವು ಮಾತಾಡಬೇಕಾಗಿಲ್ಲ.

ಇಂತಿ,
ತಮ್ಮ ಸಹಿಯ ದಾರಿ ಕಾಯುತ್ತಾ ಉಗುರು ಕಚ್ಚುತ್ತಿರುವ,
(ಹಲ್ಲು ಸ್ವಂತದ್ದೇ)
ಹಲ್ಲಿನ ಲ್ಯಾಬಿನವರ ಮಗಳು